ವಾಟೆ ನೆಟ್ಟರೆ ಅದೇ ಮಾವು ಬರುತ್ತಾ?

ಮಾವಿನಹಣ್ಣು ತಿಂದು ಮುಗಿಸಿದವರ ಕೈಯಲ್ಲಿ ವಾಟೆ ಉಳಿದಿರುತ್ತದೆ. ಹಣ್ಣು ತುಂಬ ಚೆನ್ನಾಗಿದ್ದರೆ ಅದನ್ನು ಬಿಸಾಡಲು ಮನಸ್ಸು ಬರುವುದಿಲ್ಲ. ಆಗ ನನ್ನ ಕಡೆ ತಿರುಗುತ್ತಾರೆ. "ಇದನ್ನು ನೆಟ್ಟರೆ ಇದೇ ಹಣ್ಣು ಬರುತ್ತಾ?" ನನಗೆ ಗಿಡಗಳ ಹುಚ್ಚು ಅಂತ ಗೊತ್ತಿರುವ ಎಲ್ಲರೂ ಒಂದಲ್ಲ ಒಂದು ಸಲ ಇದನ್ನು ಕೇಳಿದ್ದಾರೆ.

ಬಹುಮಟ್ಟಿಗೆ ಬರಲ್ಲ, ಆದರೂ ನೆಡಿ ಅನ್ನುತ್ತೇನೆ. ಇದೆಂಥ ಉತ್ತರ ಅಂತ ಮುಖ ನೋಡುತ್ತಾರೆ. ನಿಂತ ಕಾಲಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಹಣ್ಣಿನ ತಿರುಳು ತಾಯಿಮರದ್ದು. ಒಳಗಿನ ಬೀಜ ಮಾತ್ರ ಮಗು. ಮಾವಿನ ಹೂವಿಗೆ ನೊಣ, ಜೇನು, ಇನ್ನೂ ಏನೇನೋ ಹುಳು ಬಂದು ಕೂರುತ್ತವೆ. ಪಕ್ಕದ ಯಾವ ಮರದ ಪರಾಗ ತಂದವು ಅಂತ ಯಾರು ನೋಡಿದವರು? ತಾಯಿ ಗೊತ್ತು, ತಂದೆ ಗೊತ್ತಿಲ್ಲ. ಸಾಲದ್ದಕ್ಕೆ ತಾಯಿಯೂ ಎಷ್ಟೋ ತಲೆಮಾರಿನ ಬೆರಕೆ. ಮಲ್ಲಿಕಾ ಮತ್ತು ಆಮ್ರಪಾಲಿ ಎರಡೂ ನೀಲಂ ಮತ್ತು ದಶೇರಿಯ ಮಕ್ಕಳು. ಒಂದರಲ್ಲಿ ನೀಲಂ ತಾಯಿ, ಇನ್ನೊಂದರಲ್ಲಿ ದಶೇರಿ ತಾಯಿ, ಅಷ್ಟೇ ವ್ಯತ್ಯಾಸ. ಆದರೂ ಮಲ್ಲಿಕಾ ಹಣ್ಣು ದಪ್ಪ. ಆಮ್ರಪಾಲಿ ಕುಳ್ಳ ಮರ, ಹಣ್ಣೂ ಚಿಕ್ಕದು. ಬೇಕೆಂದೇ ಆರಿಸಿ ಕೂಡಿಸಿದಾಗಲೇ ಮಕ್ಕಳು ಹೀಗೆ ಬೇರೆಬೇರೆ. ಹುಳು ಕೂಡಿಸಿದ್ದರ ಕಥೆ ಕೇಳಬೇಕಾ?

ಅಪರೂಪಕ್ಕೆ ಲಾಟರಿಯೂ ಹೊಡೆಯುತ್ತದೆ. 1902ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಜಾನ್ ಹೇಡನ್ ಎಂಬ ನಿವೃತ್ತ ಕ್ಯಾಪ್ಟನ್ ಮುಲ್ಗೋಬಾ ತಳಿಯ ವಾಟೆಗಳನ್ನು ನೆಟ್ಟರು. ಮರುವರ್ಷವೇ ತೀರಿಕೊಂಡರು. ಗಿಡಗಳನ್ನು ನೋಡಿಕೊಂಡವರು ಅವರ ಹೆಂಡತಿ. 1910ರಲ್ಲಿ ಅವುಗಳಲ್ಲೊಂದು ಕೆಂಪು ಬಣ್ಣದ ಚೆಂದದ ಹಣ್ಣು ಬಿಟ್ಟಿತು. ಅದೇ ಹೇಡನ್ ತಳಿಯಾಯಿತು. ಇವತ್ತು ಜಗತ್ತಿನ ಅಂಗಡಿಗಳಲ್ಲೆಲ್ಲ ಕಾಣುವ ಟಾಮಿ ಅಟ್ಕಿನ್ಸ್ ಈ ಹೇಡನ್‌ನ ಬೀಜದಿಂದ ಬಂದದ್ದು. ಈ ಕಥೆ ಹೇಳಿದಾಗ ಎಲ್ಲರಿಗೂ ಖುಷಿಯಾಗುತ್ತದೆ. ಆದರೆ ಮುಲ್ಗೋಬಾ ನೆಟ್ಟವರಿಗೆ ಸಿಕ್ಕಿದ್ದು ಮುಲ್ಗೋಬಾ ಅಲ್ಲ. ಅದಕ್ಕೂ ಎಂಟು ವರ್ಷ ಕಾಯಬೇಕಾಯಿತು.

"ಬಹುಮಟ್ಟಿಗೆ" ಅಂದೆನಲ್ಲ, ಅದಕ್ಕೂ ಕಾರಣ ಇದೆ. ಕೆಲವು ತಳಿಗಳ ವಾಟೆ ನೆಟ್ಟರೆ ಒಂದಲ್ಲ, ಮೂರು ನಾಲ್ಕು ಸಸಿ ಏಳುತ್ತವೆ. ಬಹುಭ್ರೂಣದ ತಳಿಗಳು ಅಂತ ಇವಕ್ಕೆ ಹೆಸರು. ಈ ಸಸಿಗಳಲ್ಲಿ ಹೆಚ್ಚಿನವು ಪರಾಗದ ಹಂಗಿಲ್ಲದೆ, ತಾಯಿಯ ಅಂಗಾಂಶದಿಂದಲೇ ಹುಟ್ಟಿದವು. ಅಂದರೆ ತಾಯಿಯ ಪಡಿಯಚ್ಚು. ಆಗ್ನೇಯ ಏಷ್ಯಾದ ನಾಮ್ ಡಾಕ್ ಮಾಯ್, ಕರಬಾವ್ ಇಂಥವು. ಭಾರತದ ಪಶ್ಚಿಮ ಕರಾವಳಿಯ ಓಲೂರ್, ಕುರುಕ್ಕನ್ ಸಹ ಈ ಜಾತಿಯವೇ. ಇವನ್ನು ವಾಟೆಯಿಂದ ಬೆಳೆಸಿದರೆ ನಂಬಿಕೆಗೆ ದೊಡ್ಡ ಮೋಸ ಇಲ್ಲ. ಆದರೆ ಆಪೂಸು, ದಶೇರಿ, ಲಂಗಡಾ, ಬಂಗನಪಲ್ಲಿ ಎಲ್ಲ ಒಂದೇ ಭ್ರೂಣದವು. ಒಂದು ವಾಟೆ, ಒಂದು ಸಸಿ, ತಂದೆ ಯಾರೋ.

ಹಾಗಿದ್ದರೆ ನೆಡಿ ಅಂತ ಯಾಕೆ ಹೇಳುತ್ತೇನೆ? ಕಸಿ ಕಟ್ಟಲು ಬುಡದ ಗಿಡ ಬೇಕಲ್ಲ, ಅದಕ್ಕೆ. ನಿಮಗೆ ಬೇಕಾದ ಹಣ್ಣು ಬರುವುದು ಕಸಿಯಿಂದ. ಬೇರು ಬರುವುದು ವಾಟೆಯಿಂದ. ಯಾವ ಮಾವಾದರೂ ನಡೆಯುತ್ತದೆ, ಹುಳಿ ಕಾಡುಮಾವಿನ ವಾಟೆಯೂ ಆಗುತ್ತದೆ. ಬುಡದ ಗಿಡ ಹುಳಿಯಾದರೆ ಮೇಲಿನ ಹಣ್ಣೂ ಹುಳಿಯಾಗುತ್ತಾ ಅಂತ ಕೇಳುವವರಿದ್ದಾರೆ. ಇಲ್ಲ. ಮೇಲೆ ಕೂರಿಸಿದ ಕಡ್ಡಿ ಯಾವ ತಳಿಯದೋ ಹಣ್ಣು ಆ ತಳಿಯದೇ. ಬುಡದ ಗಿಡದ ಪ್ರಭಾವ ಹೆಚ್ಚಾಗಿ ಮರದ ಗಾತ್ರದ ಮೇಲೆ ಮತ್ತು ಮಣ್ಣು ತಾಳಿಕೊಳ್ಳುವ ಶಕ್ತಿಯ ಮೇಲೆ. ಇಸ್ರೇಲಿನಲ್ಲಿ ಉಪ್ಪು ಮತ್ತು ಸುಣ್ಣದ ಮಣ್ಣಿಗೆ ಅಂತಲೇ 13-1 ಎಂಬ ಬುಡದ ತಳಿ ಬಳಸುತ್ತಾರೆ.

ವಾಟೆಯನ್ನು ಒಣಗಿಸಿ ಡಬ್ಬಿಯಲ್ಲಿ ಎತ್ತಿಡಬೇಡಿ. ಮಾವಿನ ಬೀಜ ಒಣಗಿದರೆ ಸತ್ತೇ ಹೋಗುತ್ತದೆ. ತಿಂದ ಒಂದು ವಾರದೊಳಗೆ ಮಣ್ಣು ಸೇರಲಿ. ವಾಟೆಯ ಅಂಚಿಗೆ ಗಿಡ ಕತ್ತರಿಸುವ ಕತ್ತರಿ ತೂರಿಸಿ, ಮೆಲ್ಲಗೆ ಬಿಡಿಸಿ, ಒಳಗಿನ ಬೀಜ ತೆಗೆಯಿರಿ. ಎಷ್ಟೋ ಸಲ ಒಳಗೆ ಕಪ್ಪು ದುಂಬಿ ಕೂತಿರುತ್ತದೆ. ಚಿಪ್ಪು ತೆಗೆಯುವುದರಿಂದ ಅದು ಮೊದಲೇ ಗೊತ್ತಾಗುತ್ತದೆ, ಮೊಳಕೆಯೂ ಬೇಗ ಬರುತ್ತದೆ. ಬೀಜದ ಉಬ್ಬಿದ ಬೆನ್ನು ಮೇಲೆ, ಒಳಬಾಗಿದ ಅಂಚು ಕೆಳಗೆ ಇರುವಂತೆ ಇಟ್ಟರೆ ಕಾಂಡ ಸೊಟ್ಟಗಾಗುವುದಿಲ್ಲ. ಕುಂಡ ಆಳವಾಗಿರಲಿ, ತಾಯಿಬೇರು ನೇರ ಇಳಿಯುವಷ್ಟು. ಎರಡು ಮೂರು ವಾರಕ್ಕೆ ತಾಮ್ರದ ಬಣ್ಣದ ಚಿಗುರು ಏಳುತ್ತದೆ.

ನನಗೆ ಇಷ್ಟವಾದ ವಿಧಾನಕ್ಕೆ ಇದೇ ಸರಿಯಾದ ಹೊತ್ತು. ವಾಟೆ ಕಸಿ ಅಂತ ಕರೆಯುತ್ತಾರೆ. ಸಸಿ ಎದ್ದು 10ರಿಂದ 15 ದಿನ ಆಗಿರಬೇಕು. ಕಾಂಡದಲ್ಲಿ ಇನ್ನೂ ತಾಮ್ರದ ಬಣ್ಣ ಇರಬೇಕು, ಹಸಿರಾಗಿ ಗಟ್ಟಿಯಾಗಿರಬಾರದು. ವಾಟೆಯಿಂದ ಸುಮಾರು ನಾಲ್ಕು ಬೆರಳು ಮೇಲೆ ಸಸಿಯ ತಲೆ ಕತ್ತರಿಸಿ, ನಡುವೆ ಮೂರು ನಾಲ್ಕು ಸೆಂಟಿಮೀಟರ್ ಸೀಳಿ. ಕಸಿಕಡ್ಡಿಯ ಬುಡವನ್ನು ಎರಡೂ ಕಡೆ ಇಳಿಜಾರಾಗಿ ಹೆರೆದು ಬೆಣೆಯಂತೆ ಮಾಡಿ ಆ ಸೀಳಿಗೆ ಇಳಿಸಿ. ತೊಗಟೆಗೂ ಒಳಗಿನ ಕಟ್ಟಿಗೆಗೂ ನಡುವೆ ಒಂದು ತೆಳು ಪದರ ಇರುತ್ತದೆ. ಬೆಳೆಯುವುದು, ಬೆಸೆಯುವುದು ಅದೇ. ಕಡ್ಡಿ ಸಸಿಗಿಂತ ತೆಳ್ಳಗಿದ್ದರೆ ನಟ್ಟನಡುವೆ ಕೂರಿಸಬೇಡಿ, ಒಂದು ಪಕ್ಕಕ್ಕೆ ಸರಿಸಿ. ಒಂದು ಕಡೆಯಾದರೂ ತೊಗಟೆಗೆ ತೊಗಟೆ ತಾಗಲಿ. ನೋಡಲು ಚೆಂದ ಅಂತ ನಡುವೆ ಕೂರಿಸಿ ನಾನು ಕಳೆದುಕೊಂಡ ಕಡ್ಡಿಗಳಿಗೆ ಲೆಕ್ಕವಿಲ್ಲ.

ಆಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ. ಕಡ್ಡಿ ಒಣಗದಂತೆ ಮೇಲಿಂದ ಸಣ್ಣ ಪ್ಲಾಸ್ಟಿಕ್ ಕವರ್ ತೊಡಿಸಿ, ನೆರಳಿನಲ್ಲಿಡಿ. ಗಾಳಿಯಲ್ಲಿ ತೇವ ಇರುವ, ಬೆಚ್ಚಗಿನ ಕಾಲದಲ್ಲಿ ಕೆಲಸ ಸುಲಭ. ಎಲ್ಲ ಸರಿಹೋದರೆ ಎರಡು ಮೂರು ವಾರಕ್ಕೆ ಕಣ್ಣು ಒಡೆಯುತ್ತದೆ. ಅಲ್ಲಿಯವರೆಗೆ ದಿನಾ ಕವರ್ ತೆಗೆದು ನೋಡಬೇಡಿ. ಕಷ್ಟ, ಗೊತ್ತು.

ಅರ್ಧ ಗೆಲುವು ಕಸಿಕಡ್ಡಿಯಲ್ಲಿದೆ. ಚಾಕು ಹಿಡಿಯುವ ಕೈಚಳಕದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕಡ್ಡಿಯ ತಯಾರಿ ಬಗ್ಗೆ ಕೇಳುವವರು ಕಡಿಮೆ. ಈಗಾಗಲೇ ಫಲ ಕೊಡುತ್ತಿರುವ ಮರದಿಂದಲೇ ಕಡ್ಡಿ ತೆಗೆಯಬೇಕು. ಮೂರು ನಾಲ್ಕು ತಿಂಗಳು ಬಲಿತ, ಪೆನ್ಸಿಲ್ ದಪ್ಪದ ತುದಿರೆಂಬೆ ಆರಿಸಿ. ಕತ್ತರಿಸುವ ವಾರ ಹತ್ತು ದಿನ ಮೊದಲು, ಮರದಲ್ಲಿರುವಾಗಲೇ, ಅದರ ಎಲೆಗಳನ್ನು ಕತ್ತರಿಸಿ ತೊಟ್ಟು ಮಾತ್ರ ಬಿಡಿ. ತೊಟ್ಟು ಮುಟ್ಟಿದರೆ ಉದುರುವಷ್ಟಾಗಿ ತುದಿಯ ಮೊಗ್ಗು ಉಬ್ಬಿದಾಗ ಕಡ್ಡಿ ಸಿದ್ಧ. ಆ ರೆಂಬೆಯ ಸತ್ವವೆಲ್ಲ ಮೊಗ್ಗಿಗೆ ತಿರುಗಿರುತ್ತದೆ. ಇಷ್ಟು ಮಾಡದೆ ಸುಮ್ನೆ ಒಂದು ರೆಂಬೆ ಮುರಿದು ತಂದು ಕಟ್ಟಿ, ಹಿಡಿಯಲಿಲ್ಲ ಅಂತ ಬೇಸರಪಡುವವರೇ ಜಾಸ್ತಿ.

ಫಲ ಕೊಡುವ ಮರದ್ದೇ ಯಾಕೆ? ಬೀಜದ ಗಿಡಕ್ಕೆ ಬಾಲ್ಯ ಇದೆ. ಹೂ ಬಿಡುವ ವಯಸ್ಸಿಗೆ ಬರಲು ಆರೆಂಟು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ದೊಡ್ಡ ಮರದ ಕಡ್ಡಿ ಆ ಬಾಲ್ಯವನ್ನು ಆಗಲೇ ದಾಟಿದೆ. ಪುಟ್ಟ ಸಸಿಯ ಮೇಲೆ ಕೂತರೂ ಅದರ ವಯಸ್ಸು ಮರೆಯುವುದಿಲ್ಲ. ಅದಕ್ಕೇ ಮೊಣಕಾಲೆತ್ತರದ ಕಸಿಗಿಡವೂ ಮೊದಲ ವರ್ಷವೇ ಹೂ ಬಿಡುವುದು. ಆ ಹೂಗೊಂಚಲನ್ನು ಚಿವುಟಿ ಹಾಕಿ, ಮೊದಲ ಎರಡು ಮೂರು ವರ್ಷ. ಗಿಡ ಮೊದಲು ಮೈ ಬೆಳೆಸಿಕೊಳ್ಳಲಿ.

ಸಸಿ ಹಸಿರಾಗಿ ಗಟ್ಟಿಯಾಗಿಬಿಟ್ಟಿದ್ದರೆ ಚಿಂತೆ ಬೇಡ. ಮುಂದೆ ಅದರಲ್ಲಿ ಹೊಸ ಚಿಗುರು ಬಂದಾಗ ಆ ಎಳೆ ಚಿಗುರಿನ ಮೇಲೆ ಇದೇ ರೀತಿ ಬೆಣೆ ಕಸಿ ಕಟ್ಟಬಹುದು. ಮೃದುಕಾಂಡ ಕಸಿ ಅಂದರೆ ಅದೇ. ಕುಂಡದ ಸಸಿಯನ್ನು ಮರದ ಹತ್ತಿರ ಒಯ್ದು, ರೆಂಬೆ ಕತ್ತರಿಸದೆ ಎರಡನ್ನೂ ಸೇರಿಸಿ ಕಟ್ಟುವ ಸಾಮೀಪ್ಯ ಕಸಿ ಹಳೇ ಕಾಲದ್ದು. ಚೆನ್ನಾಗಿ ಹಿಡಿಯುತ್ತದೆ, ಆದರೆ ತಿಂಗಳುಗಟ್ಟಲೆ ಮರದ ಮೇಲೆ ಕುಂಡ ಕಟ್ಟಿಕೊಂಡು ನೀರು ಹಾಕುವ ಸಹನೆ ನನಗಿಲ್ಲ.

ಇನ್ನು ರೆಂಬೆಯನ್ನು ಆಲೂಗಡ್ಡೆಗೋ ಬಾಳೆಹಣ್ಣಿಗೋ ಚುಚ್ಚಿ ಮಣ್ಣಲ್ಲಿ ಹೂತು ಗಿಡ ಮಾಡುವ ವಿಡಿಯೋಗಳು. ಇದನ್ನು ಕಳಿಸಿ "ಎಷ್ಟು ಸುಲಭ ಅಲ್ವಾ?" ಅನ್ನುತ್ತಾರೆ. ಮಾವಿನ ಕಡ್ಡಿಗೆ ಬೇರು ಬರಿಸುವುದು ಬೇರಿನ ಹಾರ್ಮೋನು ಹಚ್ಚಿದರೂ ಕಷ್ಟ. ವಿಡಿಯೋದಲ್ಲಿ ಚಿಗುರು ಕಂಡಿದ್ದರೆ ಅದು ಕಡ್ಡಿಯೊಳಗೆ ಉಳಿದಿದ್ದ ಆಹಾರದಿಂದ. ಅದು ಮುಗಿದ ಮೇಲಿನ ದೃಶ್ಯ ಯಾರೂ ತೋರಿಸುವುದಿಲ್ಲ. ತೊಗಟೆಯ ಉಂಗುರ ತೆಗೆದು ಒದ್ದೆ ಪಾಚಿ ಕಟ್ಟುವ ಗೂಟಿ ವಿಧಾನ ಸೀಬೆಗೆ, ದಾಳಿಂಬೆಗೆ, ಲಿಚಿಗೆ ಚೆನ್ನಾಗಿ ಒಗ್ಗುತ್ತದೆ. ಮಾವಿನಲ್ಲಿ ಗೂಟಿಗೆ ಬೇರು ಬರುವುದು ಕಡಿಮೆ. ಬಂದರೂ ಆ ಗಿಡಕ್ಕೆ ತಾಯಿಬೇರು ಇರುವುದಿಲ್ಲ, ಜೋರು ಗಾಳಿಗೆ ಬುಡಸಮೇತ ವಾಲುತ್ತದೆ. ಕಸಿಗಿಡಕ್ಕೆ ತಾಯಿಬೇರಿಲ್ಲ ಅನ್ನುವ ಮಾತು ಹುಟ್ಟಿದ್ದು ಬಹುಶಃ ಈ ಗೊಂದಲದಿಂದಲೇ. ವಾಟೆಯಿಂದ ಎದ್ದ ಬುಡದ ಮೇಲೆ ಕಟ್ಟಿದ ಕಸಿಗೆ ತಾಯಿಬೇರು ಇದ್ದೇ ಇರುತ್ತದೆ.

ಕೊನೆಗೆ ನನ್ನದೇ ಒಂದು ಪೆದ್ದುತನ. ಕಸಿ ಹಿಡಿದ ಮೇಲೂ ಗಂಟಿನ ಕೆಳಗಿಂದ ಬುಡದ ಗಿಡದ ಚಿಗುರು ಬರುತ್ತಲೇ ಇರುತ್ತದೆ. ಕಂಡ ಕೂಡಲೇ ಚಿವುಟಬೇಕು. ಒಂದು ಗಿಡದಲ್ಲಿ ನಾನು ಗಮನಿಸಲಿಲ್ಲ. ಕೆಳಗಿನ ಚಿಗುರು ದಪ್ಪಗೆ ಬೆಳೆದು ಮೇಲಿನ ಕಸಿಯನ್ನು ಒಣಗಿಸಿತು. ಎಷ್ಟು ಚೆನ್ನಾಗಿ ಬೆಳೆಯುತ್ತಿದೆ ಅಂತ ನಾನು ಹಿಗ್ಗುತ್ತಿದ್ದೆ. ಏಳನೇ ವರ್ಷ ಕಾಯಿ ಬಂತು, ಬರೀ ನಾರು, ಬಾಯಿಗಿಟ್ಟರೆ ಹುಳಿ. ಕಡಿದು ಹಾಕಲಿಲ್ಲ. ಎರಡು ವರ್ಷಗಳಲ್ಲಿ ಒಂದೊಂದೇ ಕೊಂಬೆ ತರಿದು, ಬಂದ ಎಳೆ ಚಿಗುರಿಗೆ ಮೃದುಕಾಂಡ ಕಸಿ ಕಟ್ಟಿದೆ. ಹದಿನಾರು ಕಟ್ಟಿದ್ದರಲ್ಲಿ ಒಂಬತ್ತು ಹಿಡಿದವು. ಹಳೇ ಬೇರು ಬಲವಾಗಿದ್ದರಿಂದ ಅವು ಬೇಗ ಬೆಳೆದವು, ಮೂರನೇ ವರ್ಷ ಹಣ್ಣು ಕೊಟ್ಟವು. ಒಂದು ಹುಳಿ ಕೊಂಬೆಯನ್ನು ಹಾಗೇ ಬಿಟ್ಟಿದ್ದೇನೆ. ಬುಡದ ಗಿಡಗಳಿಗೆ ಪ್ರತಿವರ್ಷ ವಾಟೆ ಬೇಕಲ್ಲ.