ಗಿಟಾರ್ ಬದಿಗಿಟ್ಟ ಮೇಲೂ ಉಳಿಯುವುದು

ಮೆಚ್ಚಿನ ಬ್ಯಾಂಡ್ ಹೊಸ ಆಲ್ಬಂ ಹೊರತಂದಾಗ ಕೇಳುಗರಾದ ನಮ್ಮ ಬಳಿ ಎರಡು ದೂರುಗಳು ಸಿದ್ಧವಾಗಿರುತ್ತವೆ. ಅದು ಹಿಂದಿನಂತೆಯೇ ಇದ್ದರೆ ಹಾಡಿದ್ದೇ ಹಾಡುವ ಕಿಸಬಾಯಿದಾಸ ಎಂದು ಮೂಗು ಮುರಿಯುತ್ತೇವೆ. ಬೇರೆಯಾಗಿದ್ದರೆ ಇವರಿಗೆ ಇದೆಲ್ಲ ಏಕೆ ಬೇಕಿತ್ತು ಎನ್ನುತ್ತೇವೆ. ನಾನೂ ಇವೆರಡನ್ನೂ ಧಾರಾಳವಾಗಿ ಹೇಳಿದವನೇ. ಹಾಗಾದರೆ ಬ್ಯಾಂಡೊಂದು ಬದಲಾಗುತ್ತಿರಬೇಕೇ, ಇಲ್ಲ ತನ್ನ ಬಲವನ್ನೇ ನೆಚ್ಚಿಕೊಂಡಿರಬೇಕೇ?

ಎಂದೂ ಬದಲಾಗದ ಬ್ಯಾಂಡ್ ಎಂದೊಡನೆ ಎಲ್ಲರೂ ಆಸ್ಟ್ರೇಲಿಯಾದ ರಾಕ್ ಬ್ಯಾಂಡ್ ಎಸಿ/ಡಿಸಿಯತ್ತ ಬೊಟ್ಟು ಮಾಡುತ್ತಾರೆ. ಆದರೆ 1980ರ ಫೆಬ್ರವರಿಯಲ್ಲಿ ಗಾಯಕ ಬಾನ್ ಸ್ಕಾಟ್ ತೀರಿಕೊಂಡಾಗ ಅವರು ಬ್ರಯಾನ್ ಜಾನ್ಸನ್ ಅವರನ್ನು ಕರೆತಂದು, ಅದೇ ವರ್ಷದ ಜುಲೈನಲ್ಲಿ 'ಬ್ಯಾಕ್ ಇನ್ ಬ್ಲ್ಯಾಕ್' ಆಲ್ಬಂ ಹೊರತಂದರು. ಬ್ಯಾಂಡೊಂದರಲ್ಲಿ ಎಲ್ಲಕ್ಕಿಂತ ಮೊದಲು ಕಿವಿಗೆ ಬೀಳುವ ಕಂಠವೇ ಬದಲಾಗಿದ್ದರೂ ಅವರು ಬದಲಾದರೆಂದು ಇಂದಿಗೂ ಯಾರೂ ಹೇಳುವುದಿಲ್ಲ. ಅದರ ಶೀರ್ಷಿಕೆ ಗೀತೆಯ ಆರಂಭವನ್ನು ಗಮನವಿಟ್ಟು ಕೇಳಿದರೆ ಕಾರಣ ತಿಳಿಯುತ್ತದೆ: ಗಿಟಾರ್ ಒಮ್ಮೆ ಗುಡುಗಿ ಥಟ್ಟನೆ ನಿಲ್ಲುತ್ತದೆ, ಆ ತೆರಪಿನಲ್ಲಿ ಫಿಲ್ ರಡ್ ಅವರ ಡ್ರಮ್ಸ್ ಮಾತ್ರ ನಡೆಯುತ್ತಿರುತ್ತದೆ, ಬಳಿಕವಷ್ಟೇ ಮುಂದಿನ ಹೊಡೆತ. ಅವರ ಬಲವಿರುವುದು ಗಿಟಾರ್ ವಾದಕ ಮಾಲ್ಕಮ್ ಯಂಗ್ ಬಾರಿಸದೆ ಬಿಟ್ಟ ಆ ಜಾಗದಲ್ಲಿ ಎಂಬುದು ನನ್ನ ಅನಿಸಿಕೆ.

ರೇಡಿಯೋಹೆಡ್‌ನದು ಇದಕ್ಕೆ ತದ್ವಿರುದ್ಧವಾದ ಕಥೆಯೆಂದು ನಾನು ನಂಬಿದ್ದೆ. ಆ ಬ್ಯಾಂಡಿನ 1997ರ 'ಓಕೆ ಕಂಪ್ಯೂಟರ್' ಆಲ್ಬಂ ಅನ್ನು ಕಂಠಪಾಠ ಮಾಡಿಕೊಂಡಿದ್ದವನಿಗೆ 2000ದ 'ಕಿಡ್ ಎ' ಕೇಳಿ ಮುಖಕ್ಕೆ ಬಾಗಿಲು ಹಾಕಿದಂತಾಯಿತು. ಮೊದಲ ಹಾಡಿನಲ್ಲಿ ಗಿಟಾರ್ ಪತ್ತೆಯೇ ಇಲ್ಲ. ಕೀಬೋರ್ಡಿನ ಮೆತ್ತನೆಯ ಸ್ವರಗಳು ಹತ್ತು ಎಣಿಕೆಗಳ ಆವರ್ತದಲ್ಲಿ ಸುತ್ತುತ್ತಿರುತ್ತವೆ, ಥಾಮ್ ಯಾರ್ಕ್ ಅವರ ದನಿ ಚೂರುಚೂರಾಗಿ ಆಚೀಚೆ ಹಾರುತ್ತದೆ. ಅರ್ಧಕ್ಕೆ ನಿಲ್ಲಿಸಿಬಿಟ್ಟೆ. ಎಷ್ಟೋ ದಿನಗಳ ನಂತರ ಮತ್ತೆ ಕೇಳಿದಾಗ, ಒಂದು ಸಣ್ಣ ಎಳೆಯನ್ನು ಹಿಡಿದು ಆತುರಪಡದೆ ಪದರದ ಮೇಲೆ ಪದರ ಹೊದಿಸಿ, ಇನ್ನೇನು ಒಡೆಯಬೇಕು ಎನ್ನುವವರೆಗೆ ಒಯ್ಯುವ ಅವರ ಹಳೆಯ ಚಾಳಿ ಅಲ್ಲಿಯೂ ಇತ್ತು. ಜಾನಿ ಗ್ರೀನ್‌ವುಡ್ ಅವರು ಗಿಟಾರಿನ ಬದಲು ಓಂಡ್ ಮಾರ್ಟೆನೋ ಎಂಬ ಹಳೆಯ ವಿದ್ಯುತ್ ವಾದ್ಯವನ್ನು ಕೈಗೆತ್ತಿಕೊಂಡಿದ್ದರೂ ಆ ಅಳಲು ಮಾತ್ರ ಅವರದೇ.

ಹಾಗಾಗಿ ಬದಲಾಗಬೇಕೇ, ಬಲವನ್ನೇ ನೆಚ್ಚಿಕೊಳ್ಳಬೇಕೇ ಎಂಬ ಪ್ರಶ್ನೆಯೇ ನನಗೆ ಈಚೆಗೆ ಸೊಟ್ಟಗೆ ಕಾಣುತ್ತದೆ. ಬಲವಿರುವುದು ವಾದ್ಯದಲ್ಲಲ್ಲ, ಜೊತೆಯವರು ನುಡಿಸುವಾಗ ಒಬ್ಬೊಬ್ಬರೂ ಎಲ್ಲಿ ಕಾಯುತ್ತಾರೆ, ಎಲ್ಲಿ ನುಗ್ಗುತ್ತಾರೆ ಎಂಬುದರಲ್ಲಿ. ಚಾಲ್ತಿಯಲ್ಲಿರುವ ಸದ್ದನ್ನು ಎರವಲು ತಂದು ಹಳೆಯ ಹಾಡಿಗೆ ಲೇಪಿಸಿದರೆ ಅಂಟದಿರುವುದು ಇದಕ್ಕಾಗಿಯೇ.

ಇಷ್ಟಾದರೂ ಬದಲಾವಣೆಗೆ ಬೆಲೆ ತೆರಲೇಬೇಕಾಗುತ್ತದೆ. ಸಿಂಥಸೈಜರ್ ಹಾಡುಗಳಿಂದ ಹೆಸರಾಗಿದ್ದ ಟಾಕ್ ಟಾಕ್ ಬ್ಯಾಂಡ್, 1988ರಲ್ಲಿ 'ಸ್ಪಿರಿಟ್ ಆಫ್ ಈಡನ್' ಎಂಬ, ಮೌನವೇ ಹೆಚ್ಚಿರುವ ಆಲ್ಬಂ ಕೊಟ್ಟಿತು. ಅದು ಹಿಂದಿನದರಷ್ಟು ಮಾರಾಟವಾಗಲಿಲ್ಲ. ನನಗೆ ಅದು ಅವರ ಅತ್ಯುತ್ತಮ ಕೃತಿ. ಆದರೆ ಕುಣಿಯಲೆಂದು ಬಂದು ನಿರಾಶರಾಗಿ ಎದ್ದುಹೋದವರನ್ನು ದೂರಲು ಮನಸ್ಸಾಗದು. 'ಕಿಡ್ ಎ'ಯನ್ನು ಅರ್ಧಕ್ಕೆ ನಿಲ್ಲಿಸಿದವನು ನಾನು.