ಕ್ಯಾಚ್ ಆಗಿತ್ತೋ ಇಲ್ಲವೋ

28 ಸೆಪ್ಟೆಂಬರ್ 2024, ಶನಿವಾರ
ಬ್ಲ್ಯಾಕ್ಸ್‌ಬರ್ಗ್, ವರ್ಜೀನಿಯಾ

ರಾತ್ರಿ ನಿದ್ದೆ ಹತ್ತಲಿಲ್ಲ. ಹೆಲೀನ್ ಚಂಡಮಾರುತದ ಮಳೆನೀರು ಮನೆ ಮುಂದಿನ ಚರಂಡಿಯಲ್ಲಿ ಇನ್ನೂ ಭೋರೆನ್ನುತ್ತಿತ್ತು. ಕಣ್ಣು ಮುಚ್ಚಿದರೆ ಅದೇ ಒಂದು ದೃಶ್ಯ.

ನಿನ್ನೆ ನಮ್ಮ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ಏಳನೇ ರ‍್ಯಾಂಕಿನ ಮಯಾಮಿಯ ಮೇಲೆ, ಅವರದೇ ಊರಿನಲ್ಲಿ ಆಡಿತು. 38-34, ನಾವು ಹಿಂದೆ. ಉಳಿದಿದ್ದು ಮೂರೇ ಸೆಕೆಂಡು. ನಮ್ಮ ಕಡೆ ಚೆಂಡು ಎಸೆಯುವ ಕೈರಾನ್ ಡ್ರೋನ್ಸ್ ದೇವರ ಮೇಲೆ ಭಾರ ಹಾಕಿ ಚೆಂಡನ್ನು ಮೈದಾನದ ಕೊನೆಯಲ್ಲಿ ಅಂಕ ಸಿಗುವ ಪಟ್ಟಿ, ಎಂಡ್ ಝೋನಿನತ್ತ ಎಸೆದ. ಇಲ್ಲಿಯವರು ಇದನ್ನು ಹೇಲ್ ಮೇರಿ ಅನ್ನುತ್ತಾರೆ. ಎರಡೂ ಕಡೆಯವರು ಒಟ್ಟಿಗೆ ನೆಗೆದರು, ಒಟ್ಟಿಗೆ ಬಿದ್ದರು. ಆ ರಾಶಿಯೊಳಗೆ ಚೆಂಡು ಡಕ್ವಾನ್ ಫೆಲ್ಟನ್‌ನದು ಎಂದು ಮೈದಾನದಲ್ಲಿದ್ದ ರೆಫರಿಗಳು ಆರು ಅಂಕ ತರುವ ಟಚ್‌ಡೌನ್ ಕೊಟ್ಟರು. ರೂಮ್‌ಮೇಟ್ ನನ್ನನ್ನು ಎತ್ತಿಕೊಂಡು ಕುಣಿದ. ಗೆದ್ದೇಬಿಟ್ಟೆವು.

ಆಮೇಲೆ ರೀಪ್ಲೇ. ಸುಮಾರು ಆರು ನಿಮಿಷ. ಕೊನೆಗೆ ರೆಫರಿ ಬಂದು ಪಾಸ್ ಪೂರ್ಣವಾಗಿಲ್ಲ, ಆಟ ಮುಗಿಯಿತು ಅಂದರು.

ಎರಡೂ ತಂಡಗಳು ಆಡುವ ಲೀಗಾದ ಎಸಿಸಿಯವರು ಹೇಳಿಕೆ ಕೊಟ್ಟಿದ್ದಾರೆ: ಯಾರ ಹಿಡಿತಕ್ಕೂ ಸಿಗದಿದ್ದ ಚೆಂಡನ್ನು ಗೆರೆಯಾಚೆ ಇದ್ದ ಆಟಗಾರನೊಬ್ಬ ಮುಟ್ಟಿದ್ದಾನೆ, ನಿಯಮದ ಪ್ರಕಾರ ಅಲ್ಲಿಗೆ ಮುಗಿಯಿತು. ಓದಿದಾಗ ಒಂದು ಕ್ಷಣ ಸಮಾಧಾನವಾಯಿತು. ಗೆರೆಯಾಚೆಯೋ ಈಚೆಯೋ ಅನ್ನುವುದು ಜಾಗದ ಪ್ರಶ್ನೆ, ಜಾಗವನ್ನು ಕ್ಯಾಮೆರಾ ನಮಗಿಂತ ಚೆನ್ನಾಗಿ ನೋಡುತ್ತದೆ. ಆಮೇಲೆ ಹೊಳೆಯಿತು. ಆ ಮುಟ್ಟುವಿಕೆಗೆ ಬೆಲೆ ಬರುವುದು ಚೆಂಡು ಅಷ್ಟೊತ್ತಿಗೆ ಇನ್ನೂ ಹಿಡಿತಕ್ಕೆ ಸಿಕ್ಕಿರದಿದ್ದರೆ ಮಾತ್ರ. ಅಂದರೆ ಮೊದಲು ಕೇಳಬೇಕಾದ್ದು ಫೆಲ್ಟನ್ ಹಿಡಿದಿದ್ದನೇ ಎಂದು. ಹಿಡಿತ ಅನ್ನುವುದು ಹೊತ್ತಿನ ಪ್ರಶ್ನೆ.

ಕಾಲೇಜು ಫುಟ್‌ಬಾಲ್‌ನಲ್ಲಿ ಒಂದು ಕಾಲು ಒಳಗಿದ್ದರೆ ಸಾಕು, ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ನ ಹಾಗೆ ಎರಡು ಬೇಕಿಲ್ಲ. ಆದರೆ ಕೈಗೆ ಬಂದ ಚೆಂಡನ್ನು ಆಟದ ಮುಂದಿನ ಒಂದು ಕೆಲಸಕ್ಕೆ ಸಾಕಾಗುವಷ್ಟು ಹೊತ್ತು ಹಿಡಿದಿರಬೇಕು. ಬೀಳುತ್ತಾ ಹಿಡಿದರೆ ನೆಲಕ್ಕೆ ಬಡಿದು ಮುಗಿಯುವವರೆಗೂ ಹಿಡಿತ ತಪ್ಪಬಾರದು. ಈ ಹೊತ್ತನ್ನು ಸ್ಲೋ ಮೋಷನ್‌ನಲ್ಲಿ ಅಳೆಯುವುದಾದರೂ ಹೇಗೆ? ಅರ್ಧ ಸೆಕೆಂಡನ್ನು ಐದು ಸೆಕೆಂಡಿಗೆ ಎಳೆದರೆ ಗಟ್ಟಿಯಾಗಿ ಹಿಡಿದ ಚೆಂಡೂ ಅಲ್ಲಾಡಿದ ಹಾಗೆ ಕಾಣುತ್ತದೆ, ಬರೀ ತಾಗಿ ಹೋದದ್ದೂ ಹಿಡಿದ ಹಾಗೆ ಕಾಣುತ್ತದೆ.

2019ರ ಡಿಸೆಂಬರ್ 28 ನೆನಪಾಗುತ್ತಿದೆ. ಆಗ ಕೊಲಂಬಸ್‌ನಲ್ಲಿ ಓದುತ್ತಿದ್ದೆ. ಫಿಯೆಸ್ಟಾ ಬೌಲ್‌ನಲ್ಲಿ ಆ ಊರಿನ ಓಹಾಯೋ ಸ್ಟೇಟ್ ತಂಡ ಕ್ಲೆಮ್ಸನ್ ಎದುರು 21-16ರಿಂದ ಹಿಂದಿತ್ತು. ಕ್ಲೆಮ್ಸನ್‌ನ ಜಸ್ಟಿನ್ ರಾಸ್ ಚೆಂಡು ಹಿಡಿದು ಹೆಜ್ಜೆ ಹಾಕಿದ, ಓಹಾಯೋದ ಜೆಫ್ ಒಕುಡಾ ಅದನ್ನು ಕಿತ್ತ, ಜೋರ್ಡನ್ ಫುಲ್ಲರ್ ಎತ್ತಿಕೊಂಡು ಓಡಿ ಟಚ್‌ಡೌನ್ ಮಾಡಿದ. ರೀಪ್ಲೇ ನೋಡಿ ಅದು ಕ್ಯಾಚೇ ಅಲ್ಲ ಅಂದರು, ಟಚ್‌ಡೌನ್ ರದ್ದಾಯಿತು. ಕೊನೆಗೆ 29-23ರಲ್ಲಿ ಕ್ಲೆಮ್ಸನ್ ಗೆದ್ದಿತು. ಮಾಮೂಲಿ ವೇಗದಲ್ಲಿ ನೋಡಿದವರಿಗೆ ಅದು ಕ್ಯಾಚೂ ಹೌದು, ಫಂಬಲ್ಲೂ (ಹಿಡಿದ ಮೇಲೆ ಕೈತಪ್ಪಿದ್ದೂ) ಹೌದು. ಇವತ್ತಿಗೂ ನನ್ನ ಮಾತು ಅದೇ.

ಬೆಳಿಗ್ಗೆ ಕಾಫಿ ಆರಿಹೋಗುವವರೆಗೆ ಲ್ಯಾಪ್‌ಟಾಪ್ ಮುಂದೆ ಕೂತು ನಿನ್ನೆಯ ತುಣುಕನ್ನು ಒಂದೊಂದೇ ಫ್ರೇಮ್ ಸರಿಸಿ ನೋಡಿದೆ. ಒಂದರಲ್ಲಿ ಫೆಲ್ಟನ್‌ನ ಕೈಗಳು ಚೆಂಡಿನ ಮೇಲಿವೆ ಅನ್ನಿಸುತ್ತದೆ. ಮುಂದಿನದರಲ್ಲಿ ಇನ್ಯಾರದೋ ತೋಳು ಅಡ್ಡ ಬಂದು ಚೆಂಡೇ ಕಾಣದು. ಅದರ ಮುಂದಿನದರಲ್ಲಿ ಬರೀ ಹೆಲ್ಮೆಟ್ಟು, ಮೊಣಕೈ.

ರೂಮ್‌ಮೇಟ್ ಹುಬ್ಬಳ್ಳಿಯವನು. ಅವನ ವಾದ: "ಆರು ನಿಮಿಷ ನೋಡಿದ್ರಂದ್ರ ಅನುಮಾನ ಇತ್ತಂತ ಆತಲ್ಲ? ಅನುಮಾನ ಇದ್ರ ಮೊದಲಿನ ತೀರ್ಪು ಬಿಡಬೇಕಿಲ್ಲೋ?" ಹೊತ್ತು ಹಿಡಿಯಿತು ಎಂಬುದೊಂದರಿಂದಲೇ ತೀರ್ಪು ತಪ್ಪು ಅಂತ ನಾನು ಹೇಳುವುದಿಲ್ಲ, ಕ್ಯಾಮೆರಾ ಕೋನಗಳು ಹಲವಾರು. ಆದರೆ ಅವನು ಹಿಡಿದ ಎಳೆ ಸರಿ. ಅನುಮಾನವಿದ್ದರೆ ಕ್ಯಾಚ್ ಕೊಡಬೇಡಿ ಎಂದು ನಿಯಮವೇ ಹೇಳುತ್ತದೆ. ಹಾಗಿದ್ದೂ ಕೊಟ್ಟರು. ಅದನ್ನು ತಿರುಗಿಸಬೇಕಾದರೆ ಪ್ರಶ್ನಿಸಲಾಗದ ಸಾಕ್ಷಿ ವಿಡಿಯೋದಲ್ಲಿ ಇರಬೇಕು. ನನಗೆ ಕಂಡ ಫ್ರೇಮ್‌ಗಳಲ್ಲಿ ಅದು ಇಲ್ಲ.

ಕ್ರಿಕೆಟ್ಟಿನವರಾದ ನಮಗೆ ಈ ಸಂಕಟ ಹೊಸತಲ್ಲ. ಕಳೆದ ವರ್ಷ ಓವಲ್‌ನಲ್ಲಿ, ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ, ಶುಭಮನ್ ಗಿಲ್ ಕೊಟ್ಟ ಕ್ಯಾಚನ್ನು ಕ್ಯಾಮೆರಾನ್ ಗ್ರೀನ್ ನೆಲದ ಹತ್ತಿರ ಹಿಡಿದಾಗ ನಾವು ಇದೇ ರೀತಿ ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದ್ದೆವು. ಅಷ್ಟರಲ್ಲಿ ಐಸಿಸಿ ಸಾಫ್ಟ್ ಸಿಗ್ನಲ್ (ಮೂರನೇ ಅಂಪೈರ್‌ಗೆ ಕಳಿಸುವಾಗ ಮೈದಾನದ ಅಂಪೈರ್ ಹೇಳುತ್ತಿದ್ದ ಅಭಿಪ್ರಾಯ) ತೆಗೆದುಹಾಕಿತ್ತು, ತೀರ್ಮಾನ ಪೂರ್ತಿ ಮೂರನೇ ಅಂಪೈರ್‌ನದು. ನಾನು ಸ್ಲಿಪ್‌ನಲ್ಲಿ ನಿಂತು ಆಡಿದವನು. ಚೆಂಡಿನ ಕೆಳಗೆ ಬೆರಳು ತೂರಿದ್ದು, ಬೆರಳಿನ ಹಿಂಬದಿಗೆ ಹುಲ್ಲು ಒತ್ತಿದ್ದು ಗೊತ್ತಿರುತ್ತದೆ. ದೂರದ ಲೆನ್ಸ್‌ನಲ್ಲಿ ಆಳ ಚಪ್ಪಟೆಯಾಗಿ ಅದೇ ಕ್ಯಾಚ್ ನೆಲ ಮುಟ್ಟಿದಂತೆ ಕಾಣುತ್ತದೆ. ಅದಕ್ಕೇ ಮೈದಾನದಲ್ಲಿ ಹತ್ತಿರ ನಿಂತು ನೋಡಿದವರ ಮಾತಿಗೆ ತೂಕ ಇರಬೇಕು ಅನ್ನುವುದು. ಕ್ರಿಕೆಟ್ ಅದನ್ನು ಕೈಬಿಟ್ಟಿತು. ಕಾಲೇಜು ಫುಟ್‌ಬಾಲ್ ನಿಯಮದಲ್ಲಿ ಉಳಿಸಿಕೊಂಡಿದೆ, ನಿನ್ನೆ ಪಾಲಿಸಲಿಲ್ಲ.

ಕಾಲು, ಗೆರೆ, ಚೆಂಡು ನೆಲಕ್ಕೆ ತಾಗಿದ್ದು, ಇವನ್ನೆಲ್ಲ ಎಷ್ಟು ನಿಧಾನ ಮಾಡಿ ಬೇಕಾದರೂ ನೋಡಲಿ. ಹಿಡಿತ ಇತ್ತೇ ಅನ್ನುವುದನ್ನು ಮಾತ್ರ ಆಡಿದ ವೇಗದಲ್ಲೇ ನೋಡಬೇಕು.

ಮಧ್ಯಾಹ್ನ ಅನ್ನಕ್ಕಿಟ್ಟು ಬಂದು, ಇಬ್ಬರೂ ಕೂತು ಮಾಮೂಲಿ ವೇಗದಲ್ಲಿ ಇನ್ನೊಮ್ಮೆ ಹಾಕಿದೆವು. ಅವನು ಮತ್ತೆ "ಕ್ಯಾಚ್" ಅಂದ. ನನಗೂ ಹಾಗೇ ಕಂಡಿತು. ಕುಕ್ಕರ್ ಕೂಗಿತು, ಎದ್ದೆವು. ಮುಂದಿನ ಶನಿವಾರ ಸ್ಟ್ಯಾನ್‌ಫರ್ಡ್‌ನಲ್ಲಿ ಪಂದ್ಯ.