ಕಾಪುವಿನಿಂದ ಎಡಕ್ಕೆ

ಕೀಲಿ ಕೈಗಿಡುವಾಗ ಗೆಳೆಯ ಹೇಳಿದ್ದು ಒಂದೇ ಮಾತು: "ಬ್ರೇಕ್ ಶೂ ಹೊಸತು, ಇನ್ನೂ ಕೂತಿಲ್ಲ. ಜಾಸ್ತಿ ನಂಬ್ಬೇಡ ಮಾರಾಯ."

ಆ ಕಾಲದ ಡ್ರಮ್ ಬ್ರೇಕುಗಳನ್ನು ನಾನು ಯಾವತ್ತೂ ಅಷ್ಟಾಗಿ ನಂಬಿದವನಲ್ಲ. 1992ರಲ್ಲಿ ನನ್ನದೇ ಒಂದು ಯಮಹಾ ಆರ್‌ಎಕ್ಸ್ 100 ಬೈಕು ಇದ್ದಾಗ ರಸ್ತೆಯಲ್ಲಿ ಎದುರು ಬರುವವರು ಕಡಿಮೆ ಇದ್ದರು, ನನಗೆ ಇಪ್ಪತ್ಮೂರು ವಯಸ್ಸು. ಬ್ರೇಕಿನ ಕೆಲಸ ಅರ್ಧಕ್ಕರ್ಧ ಖಾಲಿ ರಸ್ತೆಯೇ ಮಾಡುತ್ತಿತ್ತು. 2001ರಲ್ಲಿ ಅದನ್ನು ಮಾರಿದೆ. ಮಗು, ಅಕ್ಕಿಮೂಟೆ, ಅತ್ತೆ ಎಲ್ಲ ಕೂರಬೇಕಾದಾಗ ಸ್ಕೂಟರೇ ಸರಿ ಅನಿಸಿತ್ತು. ಈಗ ಗೆಳೆಯ ಒಂದು ಆರ್‌ಎಕ್ಸ್, ಒಂದು ಸುಜುಕಿ ಸಮುರಾಯ್ ಎರಡನ್ನೂ ಎಲ್ಲಿಂದಲೋ ತಂದು ಮಂಗಳೂರಿನ ಕಾವೂರಿನಲ್ಲಿರುವ ಮನೆಯ ಶೆಡ್ಡಿನಲ್ಲಿ ಬಿಚ್ಚಿ, ತೊಳೆದು, ಜೋಡಿಸಿ ನಿಲ್ಲಿಸಿದ್ದಾನೆ. ನಮ್ಮ ಉಪ್ಪುಗಾಳಿಯಲ್ಲಿ ಮಡ್‌ಗಾರ್ಡಿನ ಕ್ರೋಮ್ ಉಳಿಸುವುದೆಂದರೆ ಹಪ್ಪಳ ಮಳೆಗಾಲಕ್ಕೆ ಉಳಿಸಿದ ಹಾಗೆ.

ಜನವರಿಯ ಶನಿವಾರ, ಊಟ ಮುಗಿಸಿ ಎರಡೂವರೆಗೆ ಹೊರಟೆವು, ನಾನು ಆರ್‌ಎಕ್ಸಿನಲ್ಲಿ, ಅವ ಸಮುರಾಯಿಯಲ್ಲಿ. ಉಡುಪಿಗೆ ಹೋಗಿ ಬರುವುದು, ಅಷ್ಟೇ.

ಮೊದಲ ಕಿಕ್ಕಿಗೆ ಹಿಡಿಯಲಿಲ್ಲ, ಎರಡನೆಯದಕ್ಕೆ ಹಿಡಿಯಿತು. 98 ಸಿಸಿಯ ಟೂ-ಸ್ಟ್ರೋಕ್ ಎಂಜಿನ್ನು, 11 ಕುದುರೆ. ಈಗಿನ ಹುಡುಗರಿಗೆ ಈ ಲೆಕ್ಕ ಹೇಳಿದರೆ ನಗುತ್ತಾರೆ. ಆದರೆ ಗಾಡಿಯ ತೂಕವೇ ನೂರು ಕಿಲೋದ ಆಸುಪಾಸು. ಎರಡನೇ ಗೇರಿನಲ್ಲಿ ಕೈ ತಿರುವಿದರೆ ಹಿಂದಿನ ಸೀಟಿನವ ನಮ್ಮ ಅಂಗಿ ಹಿಡಿಯಲೇಬೇಕು. ಎಂಬತ್ತರ ದಶಕದಲ್ಲಿ ನಾಲ್ಕು ಜಪಾನಿ ಕಂಪನಿಗಳು ನಾಲ್ಕು ಭಾರತೀಯ ಕಂಪನಿಗಳ ಕೈ ಹಿಡಿದು ಬಂದವು: ಟಿವಿಎಸ್ ಜೊತೆ ಸುಜುಕಿ, ಹೀರೋ ಜೊತೆ ಹೋಂಡಾ, ಎಸ್ಕಾರ್ಟ್ಸ್ ಜೊತೆ ಯಮಹಾ, ಬಜಾಜ್ ಜೊತೆ ಕವಾಸಾಕಿ. ಮನೆ ನಡೆಸುವವರು ಹೀರೋ ಹೋಂಡಾ ಸಿಡಿ 100 ತೆಗೆದುಕೊಂಡರು. ಪೆಟ್ರೋಲ್ ಹಾಕಿ, ಮುಚ್ಚಿ, ಮರೆತುಬಿಡಿ ಎಂಬುದು ಅದರ ಜಾಹೀರಾತು. ಮರೆಯಲು ಮನಸ್ಸಿಲ್ಲದ ನಮ್ಮಂಥವರು 1985ರಲ್ಲಿ ಬಂದ ಆರ್‌ಎಕ್ಸ್ ಹಿಂದೆ ಬಿದ್ದೆವು. 1996ಕ್ಕೆ ಹೊಗೆಯ ನಿಯಮ ಬಿಗಿಯಾದಾಗ ಅದು ನಿಂತಿತು. ನಿಂತದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆ ನೀಲಿ ಹೊಗೆಯ ಹಿಂದೆ ಸೈಕಲ್ ತುಳಿದವನೂ ನಾನೇ.

ಕೊಟ್ಟಾರ ಚೌಕಿ ದಾಟಿ, ಕೂಳೂರು, ಪಣಂಬೂರು, ಸುರತ್ಕಲ್. ಈ ಭಾಗದ ಬಗ್ಗೆ ಬರೆಯಲು ಏನೂ ಇಲ್ಲ. ಟ್ಯಾಂಕರು, ಮತ್ತೆ ಟ್ಯಾಂಕರು. ಎಂಟು ಚಕ್ರ, ಹದಿನಾರು ಚಕ್ರಗಳ ನಡುವೆ ರಸ್ತೆಯ ಎಡ ಅಂಚಿನಲ್ಲಿ ರಿಕ್ಷಾಗಳ ಜೊತೆ ನಾವು. ಹಿಂದೆ ಇದು ಎನ್‌ಎಚ್ 17, ಎರಡೇ ಸಾಲಿನ ರಸ್ತೆ. ಅರವತ್ತರಲ್ಲಿ ಹೋದರೆ ನಾವೇ ರಾಜರು. ಈಗ ಎನ್‌ಎಚ್ 66, ಚತುಷ್ಪಥ. ಅದೇ ಅರವತ್ತರಲ್ಲಿ ಹೋದರೆ ಹಿಂದಿನಿಂದ ಹಾರ್ನು. ಹಳೆಯಂಗಡಿ ಹತ್ತಿರ ನನಗೆ ಅನಿಸಲು ಶುರುವಾಯಿತು: ಇಷ್ಟು ವರ್ಷ ನಾನು ಬೈಕನ್ನು ನೆನೆಸಿಕೊಂಡು ಕೊರಗಿದ್ದು ಸುಳ್ಳು. ಬೈಕು ಇಲ್ಲಿಯೇ ಉಂಟು, ಕೈಯ ಕೆಳಗೆ ನಡುಗುತ್ತಾ ಉಂಟು. ಅದರ ಅಳತೆಯ ರಸ್ತೆಯೇ ಇಲ್ಲ.

ಮೂಲ್ಕಿ, ಹೆಜಮಾಡಿ, ಪಡುಬಿದ್ರಿ, ಉಚ್ಚಿಲ. ಕಾಪುವಿನಲ್ಲಿ ಚಹಾ ಕುಡಿಯುವಾಗ ಈ ಮಾತನ್ನು ಗೆಳೆಯನಿಗೆ ಹೇಳಿದೆ. ಅವ ಗೋಳಿಬಜೆ ಚಟ್ನಿಗೆ ಅದ್ದುತ್ತಾ, "ಹಾಗಾದ್ರೆ ಎಡಕ್ಕೆ ಹೋಗುವ" ಅಂದ.

ಕಾಪುವಿನಿಂದ ಎಡಕ್ಕೆ ಎಂದರೆ ಕಡಲು. 1901ರ ದೀಪಸ್ತಂಭವನ್ನು ನೋಡಿಕೊಂಡು, ತೆಂಗಿನ ತೋಟ, ನಾಗಬನ, ಗೂಡಂಗಡಿ ಎಲ್ಲ ಸುತ್ತಿ ಮಟ್ಟುವಿಗೆ ಬಂದೆವು. ಅಂಗಳದ ಎದುರು ಗೋಣಿ ಹಾಸಿ ಗುಳ್ಳ ಮಾರುತ್ತಿದ್ದರು. ಹಸಿರು ಗುಂಡು ಬದನೆ. ಯತಿ ವಾದಿರಾಜರು ಕೊಟ್ಟ ಬೀಜವೆಂದು ಊರಿನವರ ನಂಬಿಕೆ, ಈಗ ಈ ಊರಿನದ್ದೇ ಬೆಳೆ ಎನ್ನುವ ಜಿಐ ಮುದ್ರೆಯೂ ಉಂಟು. ಎರಡು ಕಿಲೋ ತೆಗೆದು ಹ್ಯಾಂಡಲಿಗೆ ಸಿಕ್ಕಿಸಿದೆ.

ಮಟ್ಟುವಿನಿಂದ ಪಡುಕೆರೆಯ ದಾರಿ ಹೇಗೆಂದು ನೋಡದವರಿಗೆ ಹೇಳುವುದು ಕಷ್ಟ. ಎಡಗಡೆ ಕಡಲು, ಬಲಗಡೆ ಹೊಳೆ, ನಡುವೆ ಪಟ್ಟಿಯಂಥ ನೆಲ, ಅದರ ಮೇಲೆ ಮನೆಗಳು, ಮನೆಗಳ ಎದುರು ರಸ್ತೆ. ಎರಡು ಕಾರು ಎದುರಾದರೆ ಒಂದು ಕಾಯಬೇಕು. ಮೂರನೇ ಗೇರು, ನಲವತ್ತು. ಗೋಡೆಗೆ ಬಡಿದು ನಮ್ಮದೇ ಶಬ್ದ ನಮಗೆ ವಾಪಸ್ಸು ಬರುತ್ತದೆ. ಒಣಮೀನಿನ ವಾಸನೆಯ ಜೊತೆ, ಪೆಟ್ರೋಲಿನೊಂದಿಗೇ ಉರಿಯುವ ಟೂ-ಟಿ ಆಯಿಲಿನ ವಾಸನೆ. ಗೆಳೆಯ ಮುಂದಿನಿಂದ ತಿರುಗಿ ನೋಡಿ ನಕ್ಕ. ಎಂಟು ಮೈಲಿ ಹೀಗೇ ಇರುತ್ತಿದ್ದರೆ ಎಂದುಕೊಳ್ಳುವಷ್ಟರಲ್ಲಿ ಆರ್‌ಎಕ್ಸ್ ಎರಡು ಸಲ ಕೆಮ್ಮಿ ನಿಂತಿತು.

ಪೆಟ್ರೋಲ್ ಉಂಟು. ಟ್ಯಾಪು ಸರಿ ಉಂಟು. ಕಿಡಿ ಹಾರಿಸುವ ಪ್ಲಗ್ಗಿನದ್ದೇ ತೊಂದರೆ. ಹೊರಡುವಾಗ, ಎಂಜಿನ್ ಸೀಜ್ ಆಗಿ ಕಚ್ಚಿಕೊಳ್ಳುವುದು ಬೇಡವೆಂದು ಪೆಟ್ರೋಲ್ ಟ್ಯಾಂಕಿಗೂ ನಾನೇ ಎರಡು ಮುಚ್ಚಳ ಆಯಿಲ್ ಸುರಿದಿದ್ದೆ. ಆಯಿಲ್ ಪಂಪು ಇರುವ ಗಾಡಿಗೆ ಅದರ ಅಗತ್ಯವೇ ಇರಲಿಲ್ಲ. ನಿಧಾನಕ್ಕೆ ಓಡಿಸಿದ್ದೂ ಸೇರಿ ಪ್ಲಗ್ ಕಾಡಿಗೆಯ ಹಾಗೆ ಕಪ್ಪಾಗಿ ಒದ್ದೆಯಾಗಿತ್ತು. ಚೆನ್ನಾಗಿ ಉರಿಯುವ ಎಂಜಿನ್ನಿನ ಪ್ಲಗ್ ಬಿಸ್ಕತ್ತಿನ ಬಣ್ಣದಲ್ಲಿರಬೇಕು.

ಗೆಳೆಯನ ಟೂಲ್ ಕಿಟ್ಟಿನಲ್ಲಿ ಪ್ಲಗ್ ಸ್ಪ್ಯಾನರ್ ಇತ್ತು, ಮರಳು ಕಾಗದ ಇರಲಿಲ್ಲ. ಆಚೆ ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರು ಎದ್ದು ಬಂದು ಪ್ಲಗ್ಗನ್ನು ನನ್ನ ಕೈಯಿಂದ ತೆಗೆದು, ಬೆಳಕಿಗೆ ಹಿಡಿದು, ಏನೂ ಹೇಳದೆ ಒಳಗೆ ಹೋದರು. ಬರುವಾಗ ಸವೆದ ಮರಳು ಕಾಗದ, ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡು. ತುದಿಯನ್ನು ಉಜ್ಜಿ ಉಜ್ಜಿ ಬಿಳಿ ಮಾಡಿದರು. ಊದಿದರು. ಲುಂಗಿಯ ಅಂಚಿನಿಂದ ಒರೆಸಿದರು. ಬ್ಲೇಡನ್ನು ಎರಡು ತುದಿಗಳ ನಡುವೆ ತೂರಿಸಿ, ಬಿಗಿಯೂ ಅಲ್ಲ ಸಡಿಲವೂ ಅಲ್ಲ ಎನ್ನುವಷ್ಟಕ್ಕೆ ಕಲ್ಲಿನಿಂದ ಮೆಲ್ಲ ತಟ್ಟಿದರು. "ದೋಣಿಯ ಎಂಜಿನ್ನೂ ಇದೇ ಜಾತಿ" ಅಂದರು ಆಮೇಲೆ. ಹೌದಲ್ಲ! ನಾಡದೋಣಿಯ ಹಿಂದೆ ಕಟ್ಟುವ ಸೀಮೆಎಣ್ಣೆ ಎಂಜಿನ್ನು ಟೂ-ಸ್ಟ್ರೋಕೇ, ಎಷ್ಟೋ ದೋಣಿಗಳಲ್ಲಿ ಜಪಾನಿನದ್ದೇ. ನಾವು ಶೆಡ್ಡಿನಲ್ಲಿಟ್ಟು ಪೂಜೆ ಮಾಡುವುದನ್ನು ಇವರು ದಿನಾ ಕಡಲಿಗಿಳಿಸುತ್ತಿದ್ದಾರೆ.

ನಾಲ್ಕನೇ ಕಿಕ್ಕಿಗೆ ಹಿಡಿಯಿತು. ದುಡ್ಡಿನ ಮಾತು ತೆಗೆದದ್ದಕ್ಕೆ ಅವರು ಬಲೆಗೆ ವಾಪಸ್ಸು ಹೋದರು.

ಸೇತುವೆ ದಾಟಿ ಮಲ್ಪೆ, ಅಲ್ಲಿಂದ ಉಡುಪಿ. ರಥಬೀದಿಯಲ್ಲಿ ಅರ್ಧ ಗಂಟೆ ನಿಂತೆವು, ಮಸಾಲೆ ದೋಸೆ ತಿಂದೆವು. ಹೊರಗೆ ಬಂದಾಗ ಹುಡುಗನೊಬ್ಬ ಬೈಕಿನ ಸುತ್ತ ಸುತ್ತುತ್ತಿದ್ದ. "ಕೊಡ್ತೀರಾ ಅಂಕಲ್?" ಗೆಳೆಯ ತಲೆಯಾಡಿಸಿದ. ಅಂಕಲ್ ಅಂದದ್ದಕ್ಕೋ ಏನೋ, ಸ್ವಲ್ಪ ಜೋರಾಗಿಯೇ ಆಡಿಸಿದ.

ವಾಪಸ್ಸು ಬರುವಾಗ ಕತ್ತಲೆ. ಇಂಥ ಗಾಡಿಯ ಹೆಡ್‌ಲೈಟಿಗೆ ಬೆಳಕು ಕೊಡುವುದು ಎಂಜಿನ್ನಿನ ತಿರುಗಾಟವೇ. ಆಕ್ಸಿಲರೇಟರ್ ಇಳಿಸಿದರೆ ಬೆಳಕೂ ಇಳಿಯುತ್ತದೆ. ನಿಧಾನ ಮಾಡಬೇಕಾದ ಜಾಗದಲ್ಲೇ ದಾರಿ ಕಾಣುವುದಿಲ್ಲ. ಹೆದ್ದಾರಿಯಿಂದ ಒಳಗೆ ತಿರುಗುವಾಗ ನನ್ನ ಎಡಗೈ ತಾನಾಗಿ ಕ್ಲಚ್ ಹಿಡಿಯಿತು, ಬಲಗೈ ರೇಸ್ ಕೊಟ್ಟಿತು, ಗುಂಡಿ ಕಂಡಿತು. ಇಪ್ಪತ್ತು ವರ್ಷದ ಮೇಲಾಗಿತ್ತು ಈ ಕೆಲಸ ಮಾಡದೆ.

"ನಾಳೆ ತಂದುಕೊಡು" ಎಂದು ಗೆಳೆಯ ಕಾವೂರಿಗೆ ತಿರುಗಿದ. ನಮ್ಮ ಓಣಿಯಲ್ಲಿ ಕರೆಂಟಿರಲಿಲ್ಲ. ಗುಳ್ಳದ ಚೀಲ ಹ್ಯಾಂಡಲಿನಲ್ಲಿ ತೂಗುತ್ತಿತ್ತು, ಗೇಟಿನ ಚಿಲಕ ಕಾಣಲಿಲ್ಲ. ಕ್ಲಚ್ ಹಿಡಿದು ಒಮ್ಮೆ ರೇಸ್ ಕೊಟ್ಟೆ.

ಒಳಗಿನಿಂದ ಹೆಂಡತಿಯ ಸ್ವರ: "ಎಂತ ಅದು? ಮಾರಿದ್ದಲ್ವಾ ಅದನ್ನು?"